ಇಲ್ಲಿ ಆಕಾಶ ನೀಲಿ, ಮಾಂಟೆರೇಲಿ ಮೋಡ: ಇವತ್ತು ಹಾರಲ್ಲ ಅಂತ ಮನೆಯವರಿಗೆ ಹೇಗೆ ಹೇಳ್ತೀರಿ?

ಹಾಸನದ ಹಕ್ಕಿ:
ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡು ಇನ್ನೂ ವರ್ಷ ಆಗಿಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದೊಳಗೆ ಉಪಕರಣ ನೋಡ್ಕೊಂಡೇ ಹಾರಿಸೋ ಅನುಮತಿ) ಇಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಶನಿವಾರ ಸೆಸ್ನಾ 172 ಅನ್ನೋ ಪುಟ್ಟ ಬಾಡಿಗೆ ವಿಮಾನದಲ್ಲಿ ಮಾಂಟೆರೇಗೆ ಹೋಗಿ ಸಮುದ್ರ ತೋರಿಸೋದು ಅಂತ ಪ್ಲಾನ್. ಅಮ್ಮ ರಾತ್ರಿಯೇ ಚಪಾತಿ, ಪಲ್ಯ ಕಟ್ಟಿಟ್ಟಿದ್ರು. ಬೆಳಿಗ್ಗೆ ನೋಡಿದ್ರೆ ನಮ್ಮ ತಲೆ ಮೇಲೆ ಒಂದು ಚೂರು ಮೋಡ ಇಲ್ಲ. ಮಾಂಟೆರೇ ಹವಾ ವರದಿಯಲ್ಲಿ ಮಾತ್ರ 600 ಅಡಿಗೇ ಮೋಡ ಪೂರ್ತಿ ಮುಚ್ಕೊಂಡಿದೆ. ಕಾದೆ, ಕದಲಲಿಲ್ಲ. ಕ್ಯಾನ್ಸಲ್ ಮಾಡಿದೆ.

ಅಪ್ಪ ಒಂದು ಸಲ ಆಕಾಶ ನೋಡ್ತಾರೆ, ಒಂದು ಸಲ ನನ್ನ ಮುಖ ನೋಡ್ತಾರೆ. "ದುಡ್ಡು ಏನಾದ್ರೂ ಕಮ್ಮಿ ಬಿತ್ತೇನೋ?" ಅಂತ ಮೆಲ್ಲಗೆ ಕೇಳಿದ್ರು. ಹಾರದೇ ಇದ್ದದ್ದು ಸರಿ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಇದನ್ನ ಹಿರಿಯರಿಗೆ ಹೇಗೆ ಅರ್ಥ ಮಾಡಿಸ್ತೀರಿ? ಹಾರದ ದಿನ ಏನು ಮಾಡ್ತೀರಿ?

ಬಂಗಾರಪೇಟೆ ಅಳಿಯ:
ಅರ್ಥ ಮಾಡಿಸೋ ಕಲೆ ನನಗೂ ಬಂದಿಲ್ಲ. ಹಾರದ ದಿನದ ಕಥೆ ಒಂದಿದೆ.

ಕೆಲವು ವರ್ಷದ ಹಿಂದೆ, ಜುಲೈನಲ್ಲಿ, ಹೆಂಡತಿ ಮತ್ತು ಅತ್ತೆಯನ್ನ ಕೊಲಂಬಿಯಾಗೆ ಕರ್ಕೊಂಡು ಹೋಗಿದ್ದೆ. ಇದು ಕ್ಯಾಲಿಫೋರ್ನಿಯಾದ್ದೇ, ಸಿಯೆರಾ ಬೆಟ್ಟಗಳ ತಪ್ಪಲಲ್ಲಿ, 1850ರಲ್ಲಿ ಚಿನ್ನ ಸಿಕ್ಕಿ ಹುಟ್ಟಿಕೊಂಡ ಊರು. ಹಳೇ ಪೇಟೆ ಈಗ ಸ್ಟೇಟ್ ಪಾರ್ಕ್, ಏರ್‌ಪೋರ್ಟ್‌ನಿಂದ ನಡ್ಕೊಂಡೇ ಹೋಗಬಹುದು. ಊಟದ ಹೊತ್ತಿಗೆ ವಾಪಸ್ ಅನ್ನೋದು ನನ್ನ ಲೆಕ್ಕ. ಅತ್ತೆ ಅಂಗಡಿ ಅಂಗಡಿ ಹೊಕ್ಕು ಬರೋ ಹೊತ್ತಿಗೆ ಮಧ್ಯಾಹ್ನ ಒಂದೂವರೆ, ಬಿಸಿಲು 38 ಡಿಗ್ರಿ.

ರನ್‌ವೇ ಇರೋದು ಸುಮಾರು 2,100 ಅಡಿ ಎತ್ತರದಲ್ಲಿ. ಆ ಶಾಖಕ್ಕೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು 5,000 ಅಡಿಗೂ ಮೇಲೆ. ವಿಮಾನದ ಕೈಪಿಡಿಯ ಚಾರ್ಟ್ ಪ್ರಕಾರ ಏಳಬಹುದಿತ್ತು, ರನ್‌ವೇ ಉದ್ದಾನೂ ಸಾಕು. ಆದರೆ ಆ ಚಾರ್ಟ್ ಹೊಸ ಇಂಜಿನ್ನಿನದು, ಕಂಪನಿ ಪೈಲಟ್ ಹಾರಿಸಿದ್ದು. ನಮ್ಮದು ಸವೆದ ಬಾಡಿಗೆ ವಿಮಾನ, ಮೂರು ಜನ, ಸುತ್ತ ಗುಡ್ಡ. ನೆಲ ಬಿಟ್ಟ ಮೇಲೆ ಏರಬೇಕಲ್ಲ! ಬೇಡ ಅಂದೆ. ತಂಪಾಗೋ ಹೊತ್ತಿಗೆ ಕತ್ತಲು. ಜನರನ್ನ ಕೂರಿಸ್ಕೊಂಡು ರಾತ್ರಿ ಹಾರಬೇಕಾದ್ರೆ ಕಳೆದ 90 ದಿನದಲ್ಲಿ 3 ಸಲ ರಾತ್ರಿ ಏರಿ ಇಳಿದಿರಬೇಕು ಅಂತ ನಿಯಮ, ನಂದು ಆಗಿರಲಿಲ್ಲ. ಅಲ್ಲೇ ಉಳ್ಕೊಂಡ್ವಿ. ಹೆಂಡತಿ ಮುಖ ಗಂಟು. ಬದಲಿ ಬಟ್ಟೆ ಇಲ್ಲ, ಪುಣ್ಯಕ್ಕೆ ಅತ್ತೆಯ ಬಿಪಿ ಮಾತ್ರೆ ವ್ಯಾನಿಟಿ ಬ್ಯಾಗಲ್ಲಿತ್ತು.

ಸಂಜೆ ಮತ್ತೆ ಪೇಟೆಗೆ ಹೋದ್ವಿ. ಟೂರಿಸ್ಟುಗಳೆಲ್ಲ ಖಾಲಿ. ಅಲ್ಲಿ ಚಿನ್ನಕ್ಕೋಸ್ಕರ ಮಣ್ಣನ್ನೆಲ್ಲ ತೊಳೆದು ತೆಗೆದಿದ್ದಾರೆ, ಬಿಳೀ ಸುಣ್ಣಕಲ್ಲಿನ ಬಂಡೆಗಳು ಬೆತ್ತಲೆ ನಿಂತಿವೆ. ಅತ್ತೆ ಒಂದು ಬಂಡೆ ಸವರಿ, "ಇವರದು ಮೇಲ್ಮೇಲೆ ಕೆರೆದಿದ್ದು ಅಳಿಯಂದ್ರೇ. ನಮ್ಮಪ್ಪ ಇಳೀತಿದ್ದದ್ದು ಪಾತಾಳಕ್ಕೆ" ಅಂದರು. ಅವರು ಹುಟ್ಟಿದ್ದು ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಅಂತ ಗೊತ್ತಿತ್ತು. ಅದರಾಚೆ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ರಾತ್ರಿ ಹೋಟೆಲ್ ಜಗಲಿಯಲ್ಲಿ ಕೂತು ಶುರು ಮಾಡಿದ್ರು. ಮೂರು ಕಿಲೋಮೀಟರಿಗೂ ಆಳದ ಗಣಿ. ಕೆಳಗೆ ಒತ್ತಡಕ್ಕೆ ಬಂಡೆ ಸಿಡಿದ್ರೆ ('ಏರ್ ಬ್ಲಾಸ್ಟ್' ಅಂತಿದ್ರಂತೆ) ಮೇಲೆ ಮನೆ ಅಲ್ಲಾಡಿ ಗೂಡಿಂದ ಪಾತ್ರೆ ಬೀಳೋದು. ಹೆಂಗಸರು ಒಲೆ ಹಾಗೇ ಬಿಟ್ಟು ಶಾಫ್ಟ್ (ಗಣಿಗಿಳಿಯೋ ಬಾವಿ) ಹತ್ರ ಓಡೋದು. ಕಾರ್ಮಿಕರನ್ನ ಹೊತ್ತು ತರೋ ಪಂಜರ ಮೇಲೆ ಬಂದಾಗಲೆಲ್ಲ ಯಾರ್ಯಾರು ಇಳಿದ್ರು ಅಂತ ನೋಡೋದು. 2001ರಲ್ಲಿ ಗಣಿ ಮುಚ್ಚಿದ ಸುದ್ದಿ ಕೇಳಿ ಅವರಪ್ಪ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಅಷ್ಟು ಹೊತ್ತಿಗೆ ರಿಟೈರ್ ಆಗಿ ಎಷ್ಟೋ ವರ್ಷ ಆಗಿತ್ತು. ಇದು ನನ್ನ ಹೆಂಡತಿಗೇ ಗೊತ್ತಿರಲಿಲ್ಲ, ಗಂಟು ಮುಖ ಬಿಟ್ಟು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಳು.

ಬೆಳಿಗ್ಗೆ ತಂಪಲ್ಲೇ ಹೊರಟ್ವಿ. ವಿಮಾನ ಕೊಟ್ಟಿದ್ದ ಕ್ಲಬ್ಬಿನವರು ಒಂದು ದಿನದ ಬಾಡಿಗೆ ಜಾಸ್ತಿ ಹಾಕಿದ್ರು. ಹಾಕ್ಕೊಳ್ಳಲಿ.

ಜಕ್ಕೂರು ಬ್ಯಾಚ್:
ಅಳಿಯಂದ್ರು ಹೇಳಿದ ಬಿಸಿಲಿನ ಲೆಕ್ಕ ಬೆಂಗಳೂರಿನ ಜಕ್ಕೂರಲ್ಲಿ ವಿಮಾನ ಹಾರಿಸೋದು ಕಲಿತವರಿಗೆ ಚೆನ್ನಾಗಿ ಗೊತ್ತು. ಆ ನೆಲವೇ ಸುಮಾರು 3,000 ಅಡಿ, ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಆದ್ರೆ ವಿಮಾನದ ಪಾಲಿಗೆ 6,000 ದಾಟುತ್ತೆ. ಹಕ್ಕಿಯವರೇ, ನಿಮ್ಮದು ಮೋಡದ ಕೇಸು, ಅದು ಇನ್ನೂ ಕೆಟ್ಟದ್ದು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರಿಸೋ ಅನುಭವ ಇಲ್ಲದ 20 ಜನರನ್ನ ಮೋಡದೊಳಗೆ ಸಿಕ್ಕಿಕೊಂಡ ಹಾಗೆ ಕೃತಕವಾಗಿ ಹಾರಿಸಿ ನೋಡಿದ್ರು. ಅಷ್ಟೂ ಜನರ ಹಿಡಿತ ತಪ್ಪಿತು, ಸರಾಸರಿ 178 ಸೆಕೆಂಡಲ್ಲಿ. ಇದನ್ನ ಅಪ್ಪನಿಗೆ ಹೇಳಿ.

ಕಾಫಿ ಕ್ಲೈಂಬ್:
ದಯವಿಟ್ಟು ಹೇಳಬೇಡಿ. ಅಮ್ಮನ ಕಿವಿಗೆ ಬಿದ್ರೆ ನಿಮ್ಮ ಲೈಸೆನ್ಸ್ ದೇವರ ಮನೆ ಸೇರುತ್ತೆ, ಬೀಗದ ಸಮೇತ.

ಹಾಸನದ ಹಕ್ಕಿ:
178 ಹೇಳಲಿಲ್ಲ. ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಮಾಂಟೆರೇ ವರದಿಯನ್ನ ಫೋನಲ್ಲಿ ತೋರಿಸಿ, ನನಗೆ ಮೋಡದೊಳಗೆ ಹೋಗೋಕೆ ಅನುಮತಿ ಇಲ್ಲ ಅಂದೆ. "ಅಂದ್ರೆ ಎಲ್‌ಸಿ ಸಿಕ್ಕಿಲ್ಲ ಅನ್ನು! ಲೈನ್ ಕ್ಲಿಯರ್ ಇಲ್ದೆ ಕಂಬ ಹತ್ತು ಅಂತ ನಾನು ಯಾವತ್ತಾದ್ರೂ ಹೇಳ್ತೀನಾ?" ಅಂತ ನನಗೇ ಬೈದ್ರು. ಈಗ ಐದಕ್ಕೇ ಎದ್ದು ನನಗಿಂತ ಮುಂಚೆ ಮಾಂಟೆರೇ ಮೋಡ ಓದಿಟ್ಟಿರ್ತಾರೆ.

ಮುಂದಿನ ವಾರ ಕೊಲಂಬಿಯಾ ಅಂದ್ಕೊಂಡಿದ್ದೀವಿ, ಬಿಸಿಲೇರೋ ಮುಂಚೆ ಹೊರಡೋ ಹಾಗೆ. ಅಳಿಯಂದ್ರೇ, ಆ ಹೋಟೆಲಲ್ಲಿ ಮೊದಲೇ ರೂಮ್ ಹೇಳಿಡಬೇಕಾ, ಹೋದಾಗ ಸಿಗುತ್ತಾ?