ಶಿರಸಿ, ಕುಮಟಾ, ಕಾರವಾರ: ಯಾವ ಊರಲ್ಲಿ ಏನು ಕೊಳ್ಳಬೇಕು?

ಬೆಣ್ಣೆದೋಸೆ

ಮೇ ಎರಡನೇ ವಾರ ದಾವಣಗೆರೆಯಿಂದ ಉತ್ತರ ಕನ್ನಡಕ್ಕೆ ಹೊರಟಿದ್ದೇವೆ. ನಾನು, ಅಮ್ಮ, ಚಿಕ್ಕಮ್ಮ, ಕಾರು ಓಡಿಸೋಕೆ ತಮ್ಮ. ಬೀಚು, ಜಲಪಾತ, ದೇವಸ್ಥಾನದ ಪಟ್ಟಿ ಬೇಡ, ಅದು ನನ್ನ ಹತ್ತಿರ ಇದೆ. ಅಮ್ಮ ಮತ್ತು ಚಿಕ್ಕಮ್ಮನಿಗೆ ಪೇಟೆ ಸುತ್ತಬೇಕು. ಟೂರಿಸ್ಟುಗಳಿಗೆ ಅಂತ ಇಟ್ಟಿರುವ ಶಂಖದ ಕೀಚೈನು, ಟೋಪಿ ಅಲ್ಲ, ಅಲ್ಲಿನವರು ತಮ್ಮ ಮನೆಗೆ ಏನು ಒಯ್ಯುತ್ತಾರೋ ಅದು. ಮಂಗಳವಾರ ಹೊರಟು ಮೊದಲು ಕಾರವಾರ, ಆಮೇಲೆ ಗೋಕರ್ಣ, ಕುಮಟಾ, ಭಾನುವಾರ ಶಿರಸಿ ಮೇಲೆ ವಾಪಸ್ ಅಂತ ಯೋಚನೆ. ಎಲ್ಲಾ ಒಂದೇ ಕಡೆ ಸಿಗುವ ಅಂಗಡಿ ಇದ್ದರೂ ಹೇಳಿ. ಚಿಕ್ಕಮ್ಮನಿಗೆ ಗಂಧದ ಕೆತ್ತನೆಯ ಗಣಪತಿ ಬೇಕಂತೆ, ಅಮ್ಮನಿಗೆ ಎಲೆ ಅಡಿಕೆ ಅಭ್ಯಾಸ, ತಮ್ಮನಿಗೆ ಮೀನು ಬಿಟ್ಟರೆ ಬೇರೆ ಲೋಕವೇ ಇಲ್ಲ.

ಘಟ್ಟದ ಮೇಲಿನವ

ಮೊದಲು ಪ್ಲಾನ್ ತಿರುಗಿಸಿ. ಶಿರಸಿ ಸಂತೆ ಮಂಗಳವಾರ, ಕುಮಟಾದ್ದು ಬುಧವಾರ, ಕಾರವಾರದ್ದು ಭಾನುವಾರ. ನೀವು ಮೂರೂ ಕಡೆ ಸಂತೆ ಇಲ್ಲದ ದಿನವೇ ಹೋಗುತ್ತಿದ್ದೀರಿ ಮಾರಾಯ್ರೆ. ಶಿರಸಿಯಿಂದ ಶುರು ಮಾಡಿ, ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ, ಕೊನೆಗೆ ಕಾರವಾರ. ವಾಪಸ್ ಬರೋಕೆ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ ದಾರಿ ಇದ್ದೇ ಇದೆ. ಘಟ್ಟದ ರಸ್ತೆ ಕೆಲಸದ ಸುದ್ದಿ ಮಾತ್ರ ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

ಒಂದೇ ಕಡೆ ಬೇಕು ಅಂದರೆ ಶಿರಸಿಯ ಟಿಎಸ್‌ಎಸ್ ಸೂಪರ್ ಮಾರ್ಕೆಟ್. ಅಡಿಕೆ ಬೆಳೆಗಾರರ ಸಹಕಾರಿ ಸಂಘ, 1923ರದ್ದು. ಹಳ್ಳಿಯವರು ಸಂಘಕ್ಕೆ ಅಡಿಕೆ ಹಾಕಿ, ಅಲ್ಲೇ ಮನೆ ಸಾಮಾನು ತುಂಬಿಕೊಂಡು ಹೋಗುತ್ತಾರೆ, ನೀವು ಕೇಳಿದ್ದು ಇದನ್ನೇ ಅಲ್ವಾ? ಸೋಪು, ಬಕೆಟ್ಟಿನ ಸಾಲು ದಾಟಿ ಊರಿನ ಸಾಮಾನು ಎಲ್ಲಿದೆ ಕೇಳಿ. ಕಾಳುಮೆಣಸು, ಹಲಸಿನ ಹಪ್ಪಳ, ಮುರುಗಲು (ಕೋಕಂ) ಸಿಪ್ಪೆ ನೋಡಿ. ಇನ್ನೊಂದು ಸಹಕಾರಿ ಸಂಘ ಕದಂಬ ಮಾರ್ಕೆಟಿಂಗ್‌ನವರ ಹತ್ತಿರವೂ ಒಳ್ಳೆ ಮಾಲು ಇರುತ್ತದೆ. ಜೇನುತುಪ್ಪ ರಸ್ತೆ ಬದಿಯ ಬಾಟಲಿಯಲ್ಲಿ ಕೊಳ್ಳಬೇಡಿ, ಸಂಘದ ಸೀಲ್ ಇರುವುದನ್ನೇ ತಗೊಳ್ಳಿ.

ತೊಡದೇವು ಬಿಡಬೇಡಿ. ಬೆಂಕಿಯ ಮೇಲೆ ಕವುಚಿಟ್ಟ ಮಡಕೆಗೆ ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆಯಿಂದ ಒಂದೇ ಎಳೆತಕ್ಕೆ ಬಳಿದು, ಒಣಗುತ್ತಿದ್ದ ಹಾಗೆ ಎಬ್ಬಿಸಿ ಮಡಚುತ್ತಾರೆ. ಆ ಕಡೆಯ ಬೆಳಕು ಈ ಕಡೆ ಕಾಣುವಷ್ಟು ತೆಳ್ಳಗೆ. ಡಿಕ್ಕಿಗೆ ಹಾಕಿದರೆ ಮನೆಗೆ ಪುಡಿ ತಲುಪುತ್ತದೆ, ತೊಡೆ ಮೇಲೆ ಇಟ್ಟುಕೊಳ್ಳಿ. ಹಾಲಿಗೆ ಅದ್ದಿ, ಮೇಲೆ ತುಪ್ಪ. ಜೋನಿ ಬೆಲ್ಲವೂ (ನೀರು ಬೆಲ್ಲ) ಸಿಗುತ್ತದೆ, ಆದರೆ ಡಬ್ಬಿ ಮುಚ್ಚಳ ನಂಬಬೇಡಿ, ಘಟ್ಟದ ತಿರುವಿನಲ್ಲಿ ಅದು ದಾರಿ ಹುಡುಕಿಕೊಳ್ಳುತ್ತದೆ.

ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿಯ ಕಾಲ ಮೇಗೆ ಮುಗಿದಿರುತ್ತದೆ. ತೊಟ್ಟು ಮುರಿದರೆ ಸೊನೆ ಚಿಮ್ಮಿ, ಪರಿಮಳ ಕೈಗೆ ಹತ್ತುವ ಮಿಡಿ ಬೇಕಿದ್ದರೆ ಫೆಬ್ರವರಿ, ಮಾರ್ಚಿನಲ್ಲಿ ಬರಬೇಕು, ಅದನ್ನು ತೂಕಕ್ಕಲ್ಲ, ಎಣಿಸಿ ಕೊಡುತ್ತಾರೆ. ಈಗ ಉಪ್ಪಿನಕಾಯಿಯಲ್ಲೇ ಸಮಾಧಾನ.

ಅಡಿಕೆ ವಿಷಯ. ಚನ್ನಗಿರಿ ಪಕ್ಕದವರಿಗೆ ನಾವೇನು ಹೇಳೋದು! ಆದರೆ ನಿಮ್ಮಲ್ಲಿ ಹಸಿ ಕಾಯಿ ಸುಲಿದು ಬೇಯಿಸಿದ ಕೆಂಪಡಿಕೆ. ನಮ್ಮ ಚಾಲಿ ಅಂದರೆ ಗೋಟಡಿಕೆ, ಮರದಲ್ಲೇ ಹಣ್ಣಾದದ್ದನ್ನು ಅಂಗಳದಲ್ಲಿ ಒಣಗಿಸಿದ್ದು. ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಕೂಡ ಬಂದಿದೆ. ಅಮ್ಮ ಒಂದು ಹೋಳು ಬಾಯಿಗೆ ಹಾಕಿ ನೋಡಿಯೇ ತೀರ್ಮಾನ ಮಾಡಲಿ.

ಅಳ್ವೇಕೋಡಿ ಈರುಳ್ಳಿ

ಶಿರಸಿಯವರು ಕುಮಟಾ ಅಂದರೆ ಘಟ್ಟ ಇಳಿದ ಮೇಲೆ ಚಹಾ ಕುಡಿಯುವ ಜಾಗ ಅಂದುಕೊಂಡಿದ್ದಾರೆ. ನಮ್ಮ ಸಿಹಿ ಈರುಳ್ಳಿ ಹೆಸರೇ ಇಲ್ಲ! ಅಳ್ವೇಕೋಡಿ, ಹಂದಿಗೋಣ ಹತ್ತಿರ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ನೇತು ಹಾಕಿರುತ್ತಾರೆ. ಬೇಸಿಗೆಯ ಬೆಳೆ, ಮಳೆ ಹಿಡಿಯುವ ತನಕ ಮಾತ್ರ. ಕೊಳ್ಳುವಾಗ ಗಡ್ಡೆಯ ಕುತ್ತಿಗೆ ಒತ್ತಿ ನೋಡಿ. ಮೆತ್ತಗೆ, ಹಸಿ ಹಸಿ ಅನ್ನಿಸಿದರೆ ಬೇಗ ಕೊಳೆಯುತ್ತದೆ. ಪೂರ್ತಿ ಒಣಗಿ ಕಾಗದದ ಹಾಗೆ ಸದ್ದು ಮಾಡಿದರೆ ಅಡಿಗೆ ಮನೆಯಲ್ಲಿ ನೇತು ಹಾಕಿ, ಬೇಕಾದಾಗ ಒಂದೊಂದೇ ಕಿತ್ತುಕೊಳ್ಳಬಹುದು. ಚೌಕಾಸಿ ಮಾಡಿ, ಆದರೆ ಬಿಸಿಲಲ್ಲಿ ಕೂತವರ ಹತ್ತಿರ ಸುಮ್ನೆ ಐದು ರೂಪಾಯಿಗೆ ಜಗಳ ಬೇಡ.

ಕುಮಟಾದಿಂದ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟಾ ಉಪ್ಪು ತಗೊಳ್ಳಿ. ಗದ್ದೆಯಲ್ಲಿ ಸಮುದ್ರದ ನೀರು ಕಟ್ಟಿ ಒಣಗಿಸಿದ ಹರಳುಪ್ಪು, ಸ್ವಲ್ಪ ಮಣ್ಣಿನ ಬಣ್ಣ. ಉಪ್ಪಿನಕಾಯಿ ಹಾಕುವವರು ಇದನ್ನೇ ಕೇಳಿ ಒಯ್ಯುತ್ತಾರೆ. ಗೋಕರ್ಣದಲ್ಲಿ ಸಡಿಲ ಪ್ಯಾಂಟು, ಮಣಿಸರ, ರುದ್ರಾಕ್ಷಿ ಎಲ್ಲಾ ಇದೆ, ಹೇಳಿದ ರೇಟಿಗೆ ಕೊಟ್ಟರೆ ನಿಮ್ಮದೇ ತಪ್ಪು.

ಗಂಧದ ಗಣಪತಿ ಬಗ್ಗೆ ಚಿಕ್ಕಮ್ಮನಿಗೆ ಮೊದಲೇ ಹೇಳಿಬಿಡಿ. ಕುಮಟಾ, ಶಿರಸಿ ಎರಡೂ ಕಡೆ ಗುಡಿಗಾರ ಮನೆತನಗಳ ಕೆತ್ತನೆ ಹೆಸರುವಾಸಿ, ಆದರೆ ಅಸಲಿ ಶ್ರೀಗಂಧ ತುಂಬಾ ದುಬಾರಿ. ಕಡಿಮೆಗೆ ಸಿಗುವ ಬಹುಪಾಲು ಬೇರೆ ಮರ, ಮೇಲೆ ಗಂಧದೆಣ್ಣೆ. ಬಿಲ್ಲಿನಲ್ಲಿ ಶ್ರೀಗಂಧ ಅಂತ ಬರೆದು ಕೊಡುತ್ತೀರಾ ಕೇಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಶಿವನಿ ಮರದಲ್ಲಿ ಕೆತ್ತಿದ್ದು ಬೇಕಾದರೆ ಧೈರ್ಯವಾಗಿ ಕೊಳ್ಳಿ, ಕೈಕೆಲಸ ಅದೇ ಕೈಯದ್ದು.

ಬೆಣ್ಣೆದೋಸೆ

ಪ್ಲಾನ್ ತಿರುಗಿಸಿದೆ! ಅಮ್ಮ ಈಗಲೇ ಉಪ್ಪಿಗೆ ಚೀಲ ಹುಡುಕುತ್ತಿದ್ದಾರೆ. ಕಾರವಾರದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ತಮ್ಮ ಮುಖ ಊದಿಸಿಕೊಂಡಿದ್ದಾನೆ. ಭಟ್ಕಳಕ್ಕೆ ಹೋಗಿಬರಬಹುದಾ?

ಮಲ್ಲಿಗೆ ಮೊಳ

ಭಟ್ಕಳಕ್ಕೆ ಕುಮಟಾದಿಂದ ಹೋಗಿಬರೋಕೆ ಒಂದು ದಿನ ಇಡಬೇಕು. ಅತ್ತರು, ಕೊಲ್ಲಿ ದೇಶದ ಚಾಕೊಲೇಟು, ಬಟ್ಟೆ ಇಷ್ಟ ಇದ್ದರೆ ಬನ್ನಿ, ಮಲ್ಲಿಗೆಯಂತೂ ಇದ್ದೇ ಇದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬೇಡ, ಅಂಗಡಿಗಳು ಮುಚ್ಚಿರುತ್ತವೆ. ನಿಜವಾದ ಗಮ್ಮತ್ತು ರಂಜಾನಿನ ಕೊನೆಯ ದಿನಗಳ ರಾತ್ರಿ ಪೇಟೆ, ಆಗ ಸುತ್ತಲಿನ ಊರಿನ ಎಲ್ಲಾ ಜಾತಿಯವರೂ ಅಲ್ಲೇ. ನಿಮ್ಮ ಈ ಟ್ರಿಪ್ಪಿಗೆ ಸೇರಿಸಬೇಡಿ, ಅವಸರ ಆಗುತ್ತದೆ.

ಕಾಳಿ ದಂಡೆ

ತಮ್ಮನಿಗೆ ಸಮಾಧಾನ ಹೇಳಿ, ಬಂದೆ.

ಕಾರವಾರದ ಭಾನುವಾರದ ಸಂತೆ ದೊಡ್ಡದು ನಿಜ, ಆದರೆ ಅರ್ಧ ತರಕಾರಿ ಘಟ್ಟದ ಮೇಲಿಂದ ಬಂದದ್ದು, ಅದನ್ನೇ ದಾವಣಗೆರೆಗೆ ವಾಪಸ್ ಒಯ್ದು ಏನು ಮಾಡ್ತೀರಿ. ನೆಲದ ಮೇಲೆ ಬುಟ್ಟಿ ಇಟ್ಟು ಕೂತ ಹೆಂಗಸರ ಹತ್ತಿರ ಹೋಗಿ. ಮೊಗೆಕಾಯಿ, ಹಣ್ಣು ಮುರುಗಲು, ಊರಿನ ಸೊಪ್ಪು ಅವರಲ್ಲೇ. ಗೇರುಬೀಜ ಕೊಳ್ಳುವಾಗ ಪ್ಯಾಕೆಟ್ ಬಿಟ್ಟು ಬಿಡಿಯಾಗಿ ಕೇಳಿ, ಒಂದು ಕಚ್ಚಿ ನೋಡಿ, ಟಕ್ ಅನ್ನಬೇಕು.

ಹಸಿ ಮೀನು ಬೆಳಿಗ್ಗೆಯೇ ಹೋಗಿ ಅಲ್ಲೇ ತಿನ್ನಿ, ದಾವಣಗೆರೆ ತನಕ ಒಯ್ಯುವ ಆಸೆ ಬೇಡ. ಒಯ್ಯಬೇಕಾದ್ದು ಒಣಮೀನು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ, ಹಾಗಾಗಿ ಮೇ ತಿಂಗಳಲ್ಲಿ ನಮ್ಮವರೆಲ್ಲ ಮಳೆಗಾಲಕ್ಕೆ ಒಣ ಬಂಗಡೆ, ಒಣ ಶೆಟ್ಲಿ (ಸಿಗಡಿ) ಕೂಡಿಡುತ್ತಾರೆ. ನೀವು ಬರುವುದು ಸರಿಯಾದ ಹೊತ್ತಿಗೇ. ಶೆಟ್ಲಿ ಮುಷ್ಟಿಯಲ್ಲಿ ಹಿಡಿದು ಬಿಡಿ, ಉದುರಬೇಕು. ಅಂಟಿಕೊಂಡರೆ ಸರಿಯಾಗಿ ಒಣಗಿಲ್ಲ. ಅಂಗೈಯಲ್ಲಿ ಮರಳು ಉಳಿದರೆ ಪಕ್ಕದ ಬುಟ್ಟಿಗೆ ಹೋಗಿ. ಎರಡು ಪ್ಲಾಸ್ಟಿಕ್ ಚೀಲ, ಮೇಲೊಂದು ಗಟ್ಟಿ ಮುಚ್ಚಳದ ಡಬ್ಬ. ಇಲ್ಲದಿದ್ದರೆ ತೊಡದೇವಿಗೂ ಅದೇ ವಾಸನೆ. ಗೋವಾ ಹತ್ತಿರವೇ ಇದೆ ಅಂತ ತಮ್ಮ ಗಡಿ ದಾಟಿ ಬಾಟಲಿ ತರೋಕೆ ಹೋಗದಿರಲಿ, ಮಾಜಾಳಿಯಲ್ಲಿ ಗಾಡಿ ತಪಾಸಣೆ ಇದೆ.

ವಾಪಸ್ ಹೋಗುವಾಗ ಅಂಕೋಲಾದಲ್ಲಿ ನಿಲ್ಲಿಸಿ ಇಶಾಡು ಮಾವು ತಗೊಳ್ಳಿ. ಕರಿ ಇಶಾಡು ಅಂತಲೇ ಕೇಳಿ, ಸಿಪ್ಪೆ ತೆಳು, ತಿರುಳು ಜಾಸ್ತಿ, 2023ರಲ್ಲಿ ಜಿಐ ಸಿಕ್ಕಿದ್ದು ಅದಕ್ಕೇ. ಬಿಳಿ ಇಶಾಡಿನ ಸಿಪ್ಪೆ ದಪ್ಪ, ರುಚಿಯೂ ಅಷ್ಟಿಲ್ಲ. ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ತಂದು ಕೂತಿರುತ್ತಾರೆ. ಪೂರ್ತಿ ಹಣ್ಣಾದದ್ದು ಜಾಸ್ತಿ ದಿನ ನಿಲ್ಲುವುದಿಲ್ಲ, ಅದಕ್ಕೇ ದೂರದ ಪೇಟೆಗಳಿಗೆ ಬರುವುದೂ ಕಡಿಮೆ. ಅರ್ಧ ಹಣ್ಣು, ಅರ್ಧ ದೋರೆಗಾಯಿ ಆರಿಸಿಕೊಡಿ ಅನ್ನಿ, ಅವರೇ ಮುಟ್ಟಿ ನೋಡಿ ಕೊಡುತ್ತಾರೆ.

ಬೆಣ್ಣೆದೋಸೆ

ತಮ್ಮ ನಗುತ್ತಿದ್ದಾನೆ. ಒಣ ಶೆಟ್ಲಿ ಡಬ್ಬ ಕಾರಿನೊಳಗೆ ಬಂದರೆ ತಾನು ಬಸ್ಸಿಗೆ ಬರುತ್ತೇನೆ ಅನ್ನುತ್ತಿದ್ದಾರೆ ಚಿಕ್ಕಮ್ಮ. ಕಾರಿನ ಮೇಲೆ ಕ್ಯಾರಿಯರ್ ಹಾಕಿಸುತ್ತೇನೆ.