ವಿಷಯ: ಏಲೆರಾನ್‌ಗೆ ಕನ್ನಡದಲ್ಲಿ ಏನನ್ನೋಣ? ಗುರುವಾರದೊಳಗೆ ಬೇಕು

ಮೈಸೂರು, ಸೋಮವಾರ ಬೆಳಿಗ್ಗೆ

ಗೆಳೆಯರೇ,
ಸ್ವಲ್ಪ ಅವಸರದಲ್ಲಿದ್ದೇನೆ. ಇಲವಾಲದ ಕಡೆ ಒಂದು ಶೆಡ್ಡಿನಲ್ಲಿ ನನ್ನ ಸ್ನೇಹಿತರು ಕಿಟ್ ತರಿಸಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ. ರೆಕ್ಕೆ, ಬಾಲ ಮುಗಿದಿವೆ. ಈಗ ಕಂಟ್ರೋಲುಗಳ ಜೋಡಣೆ. ಜೊತೆಗಿರುವವರು ಒಬ್ಬರು ಬೈಕ್ ಮೆಕ್ಯಾನಿಕ್, ಒಬ್ಬರು ಮರಗೆಲಸದ ಆಚಾರ್ರು. ಕೆಲಸದಲ್ಲಿ ಇಬ್ಬರೂ ಎತ್ತಿದ ಕೈ. ಇಂಗ್ಲಿಷ್ ಓದುವುದಿಲ್ಲ. ಹಾಗಾಗಿ ಕೈಪಿಡಿಯ ಈ ಭಾಗವನ್ನು ನಾನು ಕನ್ನಡಕ್ಕೆ ತಂದೆ, ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ.

ಅಲ್ಲೇ ಎಡವಟ್ಟಾಯಿತು. ಏಲೆರಾನ್‌ಗೆ, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆಗೆ, ‘ಪಾರ್ಶ್ವಚಲನ ಫಲಕ’, ರಡ್ಡರ್‌ಗೆ ‘ದಿಕ್ಚಲನ ಫಲಕ’ ಅಂತ ಬರೆದಿದ್ದೆ. ಪಾರ್ಶ್ವ ಅಂದರೇನು ಅಂತ ಆಚಾರ್ರು ಕೇಳಿದರು. ಪಕ್ಕ ಅಂದೆ. ಪಕ್ಕಕ್ಕೆ ಆಡುವುದು ಬಾಲದ ಮೇಲೆ ನೆಟ್ಟಗೆ ನಿಂತ ಹಲಗೆ, ಅಂದರೆ ರಡ್ಡರ್, ತಾನೆ? ಏಲೆರಾನ್‌ನ ಬೆಲ್‌ಕ್ರ್ಯಾಂಕು, ಬೋಲ್ಟು ಎಲ್ಲ ರಡ್ಡರಿನ ಡಬ್ಬ ಸೇರಿದವು. ಅರ್ಧ ದಿನ ಹುಡುಕಿದೆವು. ತಪ್ಪು ನನ್ನದೇ.

ಏಲೆರಾನ್, ಎಲಿವೇಟರ್ (ಬಾಲದಲ್ಲಿ ಅಡ್ಡಕ್ಕಿರುವ ಹಲಗೆ), ರಡ್ಡರ್, ಪುಶ್‌ರಾಡ್, ಬೆಲ್‌ಕ್ರ್ಯಾಂಕ್, ಕಾಟರ್ ಪಿನ್. ಈ 6 ಸಾಕು. ಗುರುವಾರ ಚೀಟಿ ಪ್ರಿಂಟಿಗೆ ಹೋಗಬೇಕು.

ಮಂಡ್ಯ, ಸೋಮವಾರ ರಾತ್ರಿ

‘ಪಾರ್ಶ್ವಚಲನ ಫಲಕ’ ಬರೆದವರಿಗೆ ಇದು ಆಗಬೇಕಾದದ್ದೇ. ಫ್ರೆಂಚಿನಲ್ಲಿ ಏಲ್ ಅಂದರೆ ರೆಕ್ಕೆ, ಏಲೆರಾನ್ ಅಂದರೆ ಪುಟ್ಟ ರೆಕ್ಕೆ. ಆದ್ದರಿಂದ ಕಿರುರೆಕ್ಕೆ. ರಡ್ಡರ್‌ಗೆ ಚುಕ್ಕಾಣಿ, ಅಚ್ಚಗನ್ನಡ. ಪುಶ್‌ರಾಡ್ ತಳ್ಳುಗೋಲು. ಬೆಲ್‌ಕ್ರ್ಯಾಂಕಿಗೆ ಸನ್ನೆ, ಸನ್ನೆಗೋಲಿನ ಸನ್ನೆ. ಇನ್ನು ‘ನಿಯಂತ್ರಣಗೋಲು’ ಅಂತ ಯಾರೂ ತರಬೇಡಿ. ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ.

ಮೈಸೂರು, ಕುವೆಂಪುನಗರ, ಮಂಗಳವಾರ

ಬೆಂಗಳೂರಿನಲ್ಲಿ ವಿಮಾನದ ಕೆಲಸ ಮಾಡಿ ನಿವೃತ್ತನಾದವನು ನಾನು. ನಾವು ಏಲೆರಾನ್‌ಗೆ ಏಲೆರಾನ್ ಅಂತಲೇ ಅಂತಿದ್ದೆವು. ಇಂಗ್ಲಿಷಿನವರೇ ಅದನ್ನು ಅನುವಾದ ಮಾಡಲಿಲ್ಲ. ಏಲೆರಾನ್, ಫ್ಯೂಸಲಾಜ್, ವಿಮಾನ ನಿಲ್ಲಿಸುವ ಹ್ಯಾಂಗರ್ ಎಲ್ಲ ಫ್ರೆಂಚಿನಿಂದ ಎತ್ತಿಕೊಂಡದ್ದು. ಫ್ಯೂಸಲಾಜ್‌ನ ಮೂಲ ನೂಲುವ ಕದಿರು. ಮಂಡ್ಯದ ಮೇಷ್ಟ್ರು ಹೇಳಿದ ದಾರಿ ಹಿಡಿದರೆ ವಿಮಾನದ ಮೈಗೆ ಕದಿರು ಅನ್ನಬೇಕಾಗುತ್ತೆ.

ಕಿರುರೆಕ್ಕೆ ಅಂದರೆ ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿರುತ್ತಲ್ಲ, ಆ ವಿಂಗ್‌ಲೆಟ್ ಅಂದುಕೊಳ್ಳುತ್ತಾರೆ. ಚುಕ್ಕಾಣಿ ಇನ್ನೂ ಅಪಾಯ. ಚುಕ್ಕಾಣಿ ‘ಹಿಡಿಯುವುದು’ ಅಂತ ಎಲ್ಲರಿಗೂ ಗೊತ್ತು. ಆ ಚೀಟಿ ಕೈಯಲ್ಲಿ ಹಿಡಿಯುವ ಸ್ಟಿಕ್ಕಿಗೆ ಅಂಟುತ್ತೆ. ರಡ್ಡರನ್ನು ಆಡಿಸುವುದು ಕಾಲಲ್ಲಿ, ಪೆಡಲ್ ಒತ್ತಿ. ಪುಶ್‌ರಾಡ್ ತಳ್ಳುವಷ್ಟೇ ಎಳೆಯುತ್ತದೆ ಕೂಡ.

ಸನ್ನೆ ಮಾತ್ರ ಸರಿ. ಹಿಂದೆ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ತಂತಿ ಎಳೆದು ಗಂಟೆ ಬಾರಿಸಿ ಆಳುಗಳನ್ನು ಕರೆಯುತ್ತಿದ್ದರು. ತಂತಿ ಗೋಡೆಯ ಮೂಲೆ ತಿರುಗುವ ಕಡೆ ಇದ್ದ ತುಂಡೇ ಬೆಲ್‌ಕ್ರ್ಯಾಂಕು. ರೆಕ್ಕೆಯೊಳಗೂ ಅದೇ ಕೆಲಸ. ರೆಕ್ಕೆಯ ಉದ್ದಕ್ಕೆ ಬಂದ ತಳ್ಳಾಟವನ್ನು ಹಿಂದೆಮುಂದಕ್ಕೆ ತಿರುಗಿಸುತ್ತದೆ. ಮೂಲೆಸನ್ನೆ ಅಂದರೆ ಆಚಾರ್ರಿಗೆ ನೋಡದೆಯೇ ತಿಳಿಯುತ್ತೆ.

ಮೈಸೂರು, ಸರಸ್ವತಿಪುರಂ, ಮಂಗಳವಾರ ಸಂಜೆ

ಚುಕ್ಕಾಣಿ ಅಚ್ಚಗನ್ನಡವಂತೆ! ಅರಬ್ಬಿಯ ಸುಕ್ಕಾನ್ ಅದು. ತಮಿಳಿನಲ್ಲಿ ಚುಕ್ಕಾನ್, ಮರಾಠಿಯಲ್ಲಿ ಸುಕಾಣೂ. ಹಡಗಿನ ಜೊತೆ ಬಂತು, ಉಳಿಯಿತು.

ಏಲೆರಾನ್‌ಗೆ ವಾಲುರೆಕ್ಕೆ ಹೇಗೆ? ವಿಮಾನ ವಾಲುವುದು ಅದರಿಂದಲೇ ಅಲ್ವಾ? 1903ರಲ್ಲಿ ರೈಟ್ ಸಹೋದರರ ವಿಮಾನದಲ್ಲಿ ಏಲೆರಾನ್ ಇರಲೇ ಇಲ್ಲ. ವಾಲಿಸಲು ರೆಕ್ಕೆಯನ್ನೇ ತಿರುಚುತ್ತಿದ್ದರು. ರೂಪ ಬದಲಾಗಿದೆ, ಕೆಲಸ ಅದೇ. ಕೆಲಸದ ಮೇಲೆ ಹೆಸರಿಡಿ.

ಮಂಡ್ಯ, ಮಂಗಳವಾರ ರಾತ್ರಿ

ಅರಬ್ಬಿಯಿಂದ ಬಂದರೂ ಜನ ಬಳಸಿ ಬಳಸಿ ಕನ್ನಡವಾಗಿದೆ. ರಡ್ಡರ್ ಆಗಿಲ್ಲ. ಇಂಗ್ಲಿಷಿಗೆ ಹೀಗೇ ಬಾಗಿಲು ತೆರೆದಿಟ್ಟರೆ ಕೊನೆಗೆ ನಮ್ಮದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮೈಸೂರು, ಸರಸ್ವತಿಪುರಂ, ಬುಧವಾರ

ಸಾರ್, ನೀವು ಕೂತಿರುವ ಕುರ್ಚಿ ಅರಬ್ಬಿ, ಬರೆಯುವ ಕಾಗದ ಪಾರಸಿ. ಅವೂ ಒಂದು ದಿನ ಹೊಸದಾಗಿ ಬಂದವೇ. ರಡ್ಡರ್‌ಗೂ ಟೈಮ್ ಕೊಡಿ.

ಮೈಸೂರು, ಬುಧವಾರ ಮಧ್ಯಾಹ್ನ

ಜಗಳ ಆಮೇಲೆ ಆಡೋಣ. ಕಾಟರ್ ಪಿನ್ ಬಗ್ಗೆ ಯಾರೂ ಬಾಯಿಬಿಟ್ಟಿಲ್ಲ, ನನಗೆ ಅದೇ ಮುಖ್ಯ. ನೈಲಾನ್ ಇರುವ ಲಾಕ್ ನಟ್ಟನ್ನು ಎಲ್ಲ ಕಡೆ ಹಾಕುವಂತಿಲ್ಲ. ಬೋಲ್ಟೇ ತಿರುಗುವಂಥ ಕೀಲುಗಳಲ್ಲಿ ಅದು ನಿಧಾನಕ್ಕೆ ಸಡಿಲವಾಗಬಹುದು. ಅಲ್ಲಿ ಕೋಟೆಯ ತೆನೆಯ ಹಾಗೆ ಸೀಳಿರುವ ನಟ್ಟು ಹಾಕಿ, ಬೋಲ್ಟಿನ ತೂತಿನಲ್ಲಿ ಪಿನ್ನು ತೂರಿಸಿ, ಕಾಲು ಅಗಲಿಸಿ ಬಗ್ಗಿಸಬೇಕು. ಒಂದು ಮರೆತರೂ ಗಾಳಿಯಲ್ಲಿ ಸ್ಟಿಕ್ ಕೈಗೆ ಸುಮ್ನೆ ಬರಬಹುದು.

ಮದ್ದೂರು, ಬುಧವಾರ

ಇಷ್ಟು ದಿನ ಓದುತ್ತಾ ಇದ್ದೆ, ಬರೆದಿರಲಿಲ್ಲ. ಎತ್ತಿನಗಾಡಿಯ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವುದಕ್ಕೆ ನಮ್ಮ ಕಡೆ ಕಡಾಣಿ ಅಂತೀವಿ. ನಿಮ್ಮ ಪಿನ್ನಿನ ಕೆಲಸವೂ ಅದೇ ಅಲ್ವಾ?

ಮಂಡ್ಯ, ಬುಧವಾರ ರಾತ್ರಿ

ಗ್ರಂಥದಲ್ಲಿರುವುದು ಕಡೆಗೀಲು. ವಚನಗಳಲ್ಲಿಯೂ ಇದೆ. ಅದನ್ನೇ ಹಾಕಿ.

ಮೈಸೂರು, ಸರಸ್ವತಿಪುರಂ, ಬುಧವಾರ ರಾತ್ರಿ

ಕೀಲು ಸಂಸ್ಕೃತದ ಕೀಲದಿಂದ ಬಂದದ್ದಲ್ಲವೇ ಮೇಷ್ಟ್ರೇ? ಅದೂ ಅಚ್ಚಗನ್ನಡವಲ್ಲ.

ಮೈಸೂರು, ಕುವೆಂಪುನಗರ, ಗುರುವಾರ ಬೆಳಿಗ್ಗೆ

ಹೆಸರು ಏನೇ ಇಡಿ, ಜೋಡಣೆ ಮುಗಿದ ಮೇಲೆ ಇದೊಂದು ನೋಡಿ. ಸ್ಟಿಕ್ ಹಿಡಿದು ಹೆಬ್ಬೆರಳು ನೆಟ್ಟಗೆ ನಿಲ್ಲಿಸಿ. ಎಡಕ್ಕೆ ವಾಲಿಸಿದರೆ ಹೆಬ್ಬೆರಳು ತೋರಿಸುವ ಕಡೆಯ ಏಲೆರಾನ್, ಅಂದರೆ ಎಡಗಡೆಯದು, ಮೇಲೇಳಬೇಕು. ಬಲಗಡೆಯದು ಕೆಳಗಿಳಿಯಬೇಕು. ಉಲ್ಟಾ ಕಂಡರೆ ಅವತ್ತೇ ಬಿಚ್ಚಿ.

ಮೈಸೂರು, ಗುರುವಾರ ಸಂಜೆ

ಚೀಟಿ ಬಂದವು. ವಾಲುರೆಕ್ಕೆ, ಕೆಳಗೆ ಸಣ್ಣ ಅಕ್ಷರದಲ್ಲಿ ಏಲೆರಾನ್. ಮೂಲೆಸನ್ನೆ. ಪುಶ್‌ರಾಡ್‌ಗೆ ಬರೀ ರಾಡು. ರಡ್ಡರ್ ಹಾಗೇ ಇದೆ. ಎಲಿವೇಟರೂ ಹಾಗೇ. ಮೇಲಕ್ಕೆ ಹೋಗೋ ಪೆಟ್ಟಿಗೆಗೆ ನಮ್ಮೂರಲ್ಲಿ ಎಲ್ಲರೂ ಲಿಫ್ಟ್ ಅಂತಾರೆ, ಗೊಂದಲವಿಲ್ಲ.

ಕಾಟರ್ ಪಿನ್ನಿನ ಡಬ್ಬಕ್ಕೆ ಕಡಾಣಿ. ಆಚಾರ್ರು ಚೀಟಿ ಓದಿದವರೇ ಟಾರ್ಚ್ ತಗೊಂಡು ರೆಕ್ಕೆಯೊಳಗೆ ಇಣುಕಿದರು. ‘ಇಲ್ಲೊಂದಕ್ಕೆ ಕಡಾಣಿ ಇಲ್ವಲ್ಲ ಸಾಮಿ’ ಅಂದರು. ಹೌದು, ಬಲಗಡೆಯ ಮೂಲೆಸನ್ನೆಗೆ ನಾವು ಹಾಕಿರಲೇ ಇಲ್ಲ.

ಟ್ರಿಮ್ ಟ್ಯಾಬ್ ಅನ್ನೋ ಇನ್ನೊಂದು ಭಾಗಕ್ಕೆ ಬೇರೆ ಪತ್ರ ಹಾಕುತ್ತೇನೆ.

ಮಂಡ್ಯ, ಗುರುವಾರ ರಾತ್ರಿ

ರಡ್ಡರ್ ಹಾಗೇ ಬಿಟ್ಟಿದ್ದಕ್ಕೆ ನನ್ನ ಆಕ್ಷೇಪ ದಾಖಲಾಗಿರಲಿ.