ಫೀಡರ್‌ಗೆ ಪಂಜರ ಹಾಕಿದರೆ ಕೋಲ್ ಟಿಟ್‌ಗೆ ಜಾಗ ಸಿಗುತ್ತಾ?

ಹಿತ್ತಿಲಬೇಲಿ:
ಇಂಗ್ಲೆಂಡ್, ಚಳಿಗಾಲ. ಹಿತ್ತಿಲಲ್ಲಿ ಹಕ್ಕಿಗಳಿಗೆ ಕಾಳು ಹಾಕೋ ಫೀಡರ್: ನಾಲ್ಕು ಕಿಂಡಿಯ ನಳಿಕೆ, ಒಳಗೆ ಸಿಪ್ಪೆ ಸುಲಿದ ಸೂರ್ಯಕಾಂತಿ. ಗೋಲ್ಡ್‌ಫಿಂಚ್‌ಗಳು ಕೂತರೆ ಏಳೋದೇ ಇಲ್ಲ. ಟಿಟ್ ಅನ್ನೋ ಪುಟ್ಟ ಹಕ್ಕಿಗಳಲ್ಲಿ ಗ್ರೇಟ್ ಟಿಟ್, ಬ್ಲೂ ಟಿಟ್ ನುಗ್ಗುತ್ತವೆ. ಕೋಲ್ ಟಿಟ್ ಮಾತ್ರ ಒಂದು ಕಾಳು ಕಚ್ಚಿ ಪರಾರಿ. ಸುತ್ತ ತಂತಿ ಪಂಜರವಿರುವ ಫೀಡರ್ ತಂದರೆ ಪ್ರಯೋಜನ ಇದೆಯೇ?

ಒಂಟಿಕೊಂಬೆ:
ಟಿಟ್‌ಗಳ ಜಗಳಕ್ಕೆ ಪ್ರಯೋಜನ ಇಲ್ಲ. ಪಂಜರ ತಡೆಯೋದು ಅಳಿಲು, ಸ್ಟಾರ್ಲಿಂಗ್‌ನಂಥ ದೊಡ್ಡ ಹಕ್ಕಿಗಳನ್ನ. ಗ್ರೇಟ್ ಟಿಟ್ ಸಲೀಸಾಗಿ ಒಳಗೆ ತೂರುತ್ತೆ. ಇಲ್ಲಿ ಯಜಮಾನಿಕೆ ಬಹುಮಟ್ಟಿಗೆ ತೂಕದ್ದು: ಗ್ರೇಟ್ ಟಿಟ್ ಸುಮಾರು 18 ಗ್ರಾಂ, ಬ್ಲೂ 11, ಕೋಲ್ ಬರೀ 9. ಒಂದೇ ಜಾತಿಯೊಳಗೂ ಸಾಮಾನ್ಯವಾಗಿ ಗಂಡು ಹೆಣ್ಣಿಗಿಂತ ಮೇಲು, ಹಳೆಯದು ಮರಿಗಿಂತ ಮೇಲು.

ಆದರೆ ಕೋಲ್ ಟಿಟ್ ಓಡೋದೆಲ್ಲ ಹೆದರಿಕೆಯಿಂದಲ್ಲ. ಅದು ಕಾಳನ್ನ ತೊಗಟೆಯ ಸೀಳಿನಲ್ಲೋ ಪಾಚಿಯಲ್ಲೋ ಬಚ್ಚಿಟ್ಟು ಮತ್ತೆ ಬರುತ್ತೆ. ಹಾಗಾಗಿ ಅದಕ್ಕೆ ಬೇಕಿರೋದು ಕೂರೋ ಜಾಗವಲ್ಲ, ಎರಡು ಸೆಕೆಂಡ್ ಖಾಲಿ ಕಿಂಡಿ.

ಕರಿಕಾಳು:
ಆ ಎರಡು ಸೆಕೆಂಡ್ ಸಿಗಬೇಕಾದರೆ ಕಾಳು ಬದಲಾಯಿಸಿ. ಸುಲಿದ ಬೀಜ ಇದ್ದರೆ ಫಿಂಚ್ ಅಲ್ಲೇ ಬೀಡುಬಿಡುತ್ತೆ. ಸಿಪ್ಪೆಯಿರೋ ಕರಿ ಸೂರ್ಯಕಾಂತಿ ಹಾಕಿ: ಟಿಟ್‌ಗಳು ಒಂದನ್ನ ಎತ್ತಿಕೊಂಡು ಕೊಂಬೆಗೆ ಹೋಗಿ, ಕಾಲಡಿ ಒತ್ತಿಹಿಡಿದು ಕೊಕ್ಕಿನಿಂದ ಕುಟ್ಟಿ ಒಡೆಯುತ್ತವೆ. ಕಿಂಡಿ ತಾನೇ ಖಾಲಿ. ಗೋಲ್ಡ್‌ಫಿಂಚ್‌ನ ಸಪೂರ ಕೊಕ್ಕಿಗೆ ಆ ಸಿಪ್ಪೆ ತ್ರಾಸು, ಅದಕ್ಕೆ ಮೂರ್ನಾಲ್ಕು ಮೀಟರ್ ದೂರದಲ್ಲಿ ಬೇರೆ ನಳಿಕೆಯಲ್ಲಿ ನೈಜರ್ ಕೊಡಿ. ನೈಜರ್ ಅಂದ್ರೆ ನಮ್ಮ ಹುಚ್ಚೆಳ್ಳೇ! ಮಳೆ ಬಿದ್ದರೆ ಗಂಟುಕಟ್ಟಿ ಸಣ್ಣ ಸೀಳು ಮುಚ್ಚಿಕೊಳ್ಳುತ್ತೆ, ಆಗ ಎಲ್ಲ ಹಕ್ಕಿಗಳೂ ಹಳೇ ನಳಿಕೆಗೇ ವಾಪಸ್. ಎರಡು ದಿನಕ್ಕಾಗೋಷ್ಟು ಮಾತ್ರ ತುಂಬಿ.

ಒಂಟಿಕೊಂಬೆ:
ಸರಿ. ಎರಡು ಫೀಡರನ್ನೂ ಒಂದೇ ಕಂಬಕ್ಕೆ ನೇತುಹಾಕಬೇಡಿ, ಒಂದೇ ಗ್ರೇಟ್ ಟಿಟ್ ಎರಡನ್ನೂ ಕಾಯುತ್ತೆ. ಬದಲಾವಣೆ ಆಯಿತೋ ಇಲ್ಲವೋ ಅಂತ ನೋಡೋಕೆ ಹತ್ತು ನಿಮಿಷ ಎಣಿಸಿ: ಯಾರು ಬಂದಾಗ ಯಾರು ಎದ್ದರು. ಕಾಳು ಸಿಕ್ಕಮೇಲೆ ಎದ್ದದ್ದನ್ನ ಸೋಲು ಅಂತ ಬರೆದರೆ ಲೆಕ್ಕ ಪೂರ್ತಿ ತಪ್ಪು, ಕೋಲ್ ಟಿಟ್ ಪ್ರತಿಸಲ ಸೋತಂತೆ ಕಾಣುತ್ತೆ. ಬರಿಗೊಕ್ಕಲ್ಲಿ ಎದ್ದದ್ದಷ್ಟೇ ಸೋಲು.

ಹಿತ್ತಿಲಬೇಲಿ:
ಪಂಜರದ ದುಡ್ಡು ಉಳೀತು. ತಳದಲ್ಲಿ ಬೀಳೋ ಸಿಪ್ಪೆ?

ಕರಿಕಾಳು:
ವಾರಕ್ಕೊಮ್ಮೆ ಗುಡಿಸಿ, ನಳಿಕೆಯನ್ನೂ ತೊಳೆದು ಪೂರ್ತಿ ಒಣಗಿಸಿ ತುಂಬಿ. ಬ್ರಿಟನ್ನಿನ ಗ್ರೀನ್‌ಫಿಂಚ್‌ಗಳಲ್ಲಿ 2005ರಿಂದ ಕಾಣಿಸಿಕೊಂಡ ಟ್ರೈಕೊಮೊನೋಸಿಸ್ ಅನ್ನೋ ಪರೋಪಜೀವಿ ರೋಗ ಎಂಜಲು ತಾಗಿದ ಕಾಳು, ನೀರಿನಿಂದಲೂ ಹರಡುತ್ತೆ.